ತಪ್ಪು ಮಾಡಿದರೂ ಫೋಟೊ ಚೆಂದವೇ ಬರುತ್ತೆ

ಕ್ವಾರಿಯಲ್ಲಿ ಕಲ್ಲು ಕೊರೆಯೋ ಒಬ್ಬರ ಎದೆ ಎಕ್ಸ್‌ರೇ. ತೆಗೆದವನು ನಾನೇ. ಪರದೆ ಮೇಲೆ ಚೆನ್ನಾಗೇ ಕಾಣುತ್ತಿತ್ತು, ಕಳಿಸಿಬಿಟ್ಟೆ. ಸಂಜೆ ಬಾಗಲಕೋಟೆಯಿಂದ ರೇಡಿಯಾಲಜಿ ಡಾಕ್ಟರ್ ಫೋನ್ ಮಾಡಿದರು.

"ಎರಡೂ ಪಕ್ಕಕ್ಕ ಸಣ್ಣ ಸಣ್ಣ ಚುಕ್ಕಿ ಕಾಣಾಕತ್ತಾವಲ್ರೀ. ಇವು ಪೇಷಂಟಿನ ಪುಪ್ಪಸದಾಗ ಅದಾವೋ, ನಿಮ್ಮ ಮಷಿನ್ನಿನಾಗ ಅದಾವೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಳಕಲ್ಲಿನಲ್ಲಿ ಇದು ಸಣ್ಣ ಪ್ರಶ್ನೆ ಅಲ್ಲ. ಊರಿನ ಸುತ್ತ ಕೆಂಪು ಗ್ರಾನೈಟ್ ಕ್ವಾರಿ, ಪಾಲಿಶ್ ಫ್ಯಾಕ್ಟರಿ. ಆ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಬರಬಹುದು. ಎಕ್ಸ್‌ರೇಯಲ್ಲಿ ಅದು ಶುರುವಾಗೋದೇ ಸಣ್ಣ ದುಂಡು ಚುಕ್ಕೆಗಳಿಂದ. ಅಂಥವರಿಗೆ ಟಿಬಿ ಹತ್ತುವ ಭಯವೂ ಜಾಸ್ತಿ. ಅಂದರೆ ನನ್ನ ಫೋಟೊದಲ್ಲಿರೋ ಕಾಳು ಕಾಳು ಗುರುತು ಒಬ್ಬರಿಗೆ ಇಲ್ಲದ ರೋಗ ಹಚ್ಚಬಹುದು, ಇನ್ನೊಬ್ಬರ ರೋಗ ಮುಚ್ಚಿಡಲೂಬಹುದು. ಆ ಮನುಷ್ಯನನ್ನು ಮತ್ತೆ ಕರೆಸಿದೆ. ನಾಲ್ಕು ದಿನ ಆದ ಮೇಲೆ ಬಂದರು, ಒಂದು ದಿನದ ಪಗಾರ ಬಿಟ್ಟು. "ಆಗ ಚಲೋ ಬಂದೈತಿ ಅಂದಿದ್ರೆಲ್ಲಾ ಸರ್ರ" ಅಂದರು. ಹೌದು, ಅಂದಿದ್ದೆ.

ನಾನು ಕೆಲಸ ಕಲಿತದ್ದು ಡಾರ್ಕ್ ರೂಮಿನಲ್ಲಿ. ಡೆವಲಪರ್, ಫಿಕ್ಸರ್ ವಾಸನೆ ಊಟ ಮಾಡುವಾಗಲೂ ಕೈಗೆ ಅಂಟಿಕೊಂಡಿರುತ್ತಿತ್ತು. ಆದರೆ ಫಿಲ್ಮ್ ಒಂದು ಒಳ್ಳೇ ಕೆಲಸ ಮಾಡುತ್ತಿತ್ತು. ಕಿರಣ ಜಾಸ್ತಿಯಾದರೆ ಕರ್ರಗಾಗುತ್ತಿತ್ತು, ಕಡಿಮೆಯಾದರೆ ಬೆಳ್ಳಗೆ. ತಪ್ಪು ಮಾಡಿದವನ ಮುಖಕ್ಕೇ ಹಿಡಿಯುತ್ತಿತ್ತು. ಆಮೇಲೆ ಕ್ಯಾಸೆಟ್ ಹಾಕಿ ಓದಿಸೋ ಸಿಆರ್ ಬಂತು, ಈಗ ಫೋಟೊವನ್ನು ನೇರವಾಗಿ ಪರದೆಗೆ ಕಳಿಸೋ ಡಿಆರ್ ಪ್ಯಾನೆಲ್. ಇವೆರಡೂ ಬಹಳ ಮರ್ಯಾದಸ್ತರು. ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಕಿರಣ ಬಿಟ್ಟರೂ ಸಾಫ್ಟ್‌ವೇರ್ ಬೆಳಕು ಸರಿಮಾಡಿ ಚೆಂದದ ಫೋಟೊ ಕೊಡುತ್ತೆ. ಕಡಿಮೆ ಬಿಟ್ಟರೂ ಕೊಡುತ್ತೆ. ಕಾಳು ಕಾಳಾಗಿ ಬಂದಿದ್ದನ್ನು ಹತ್ತಿರ ಹೋಗಿ ನೋಡಿದರೆ ಮಾತ್ರ ಗೊತ್ತಾಗುತ್ತೆ. ನಮ್ಮ ಕನ್ಸೋಲಿನ ಸಾದಾ ಮಾನಿಟರಿನಲ್ಲಿ ಯಾರು ಹತ್ತಿರ ಹೋಗಿ ನೋಡ್ತಾರೆ?

ಮೊದಲು ಆ ಚುಕ್ಕೆಗಳ ಕಾರಣ ಹುಡುಕಿದೆ. ಎದುರಿಗೆ ಯಾರನ್ನೂ ನಿಲ್ಲಿಸದೆ ಬರೀ ಪ್ಯಾನೆಲ್‌ಗೆ ಒಂದು ಎಕ್ಸ್‌ಪೋಷರ್ ಕೊಟ್ಟೆ. ಟೆಸ್ಟ್ ಮೆನುವಿನಲ್ಲಿ, ಪಾಲಿಶ್ ಮಾಡೋ ಪ್ರೊಸೆಸಿಂಗ್ ಇಲ್ಲದೆ. ಸಿಕ್ಕಿಬಿತ್ತು. ನಡುವೆ ಸರಿಯಾಗಿದೆ, ಎರಡೂ ಪಕ್ಕಕ್ಕೆ ಹೋದ ಹಾಗೆ ಕಿರಣ ಸೊರಗಿದೆ. ಎದೆ ಸ್ಟ್ಯಾಂಡಿನ ಗ್ರಿಡ್ ಹೊರಗೆಳೆದು ನೋಡಿದರೆ ಮೇಲಿನ ಚೀಟಿಯಲ್ಲಿ 100 ಸೆಂ.ಮೀ. ಅಂತ ಇದೆ. ನಾವು ಎದೆ ತೆಗೆಯೋದು 180 ಸೆಂ.ಮೀ. ದೂರದಿಂದ. ಟೇಬಲ್ಲಿನ ಗ್ರಿಡ್ ಸ್ಟ್ಯಾಂಡಿಗೆ ಬಂದು ಕೂತಿತ್ತು! ನಮ್ಮಲ್ಲಿ ಒಂದೇ ಪ್ಯಾನೆಲ್. ಟೇಬಲ್ಲಿಗೂ ಅದೇ, ಸ್ಟ್ಯಾಂಡಿಗೂ ಅದೇ. ಯಾವಾಗಲೋ ಒರೆಸುವಾಗ ಗ್ರಿಡ್ ಅದಲುಬದಲಾಗಿದೆ.

ಗ್ರಿಡ್ ಅಂದರೆ ಸೀಸದ ತೆಳು ಪಟ್ಟಿಗಳ ಸಾಲು. ಮೈಯಲ್ಲಿ ಚದುರಿ ಓರೆಯಾಗಿ ಬರೋ ಕಿರಣಗಳನ್ನು ತಡೆಯೋದು ಅದರ ಕೆಲಸ. ಆ ಪಟ್ಟಿಗಳನ್ನು ಒಂದು ದೂರಕ್ಕೆ ಹೊಂದಿಸಿ ಒಳಗೆ ಬಾಗಿಸಿರುತ್ತಾರೆ. ದೂರ ತಪ್ಪಿದರೆ ಬೇಕಾದ ಕಿರಣವನ್ನೂ ಪಕ್ಕದ ಪಟ್ಟಿಗಳು ತಿಂದುಬಿಡುತ್ತವೆ. ಫಿಲ್ಮ್ ಆಗಿದ್ದರೆ ಎರಡೂ ಪಕ್ಕ ಬೆಳ್ಳಗಾಗಿ ಅವತ್ತೇ ಗೊತ್ತಾಗುತ್ತಿತ್ತು. ಇಲ್ಲಿ ಸಾಫ್ಟ್‌ವೇರ್ ಅದನ್ನು ಎತ್ತಿ ಸಮ ಮಾಡಿದೆ, ಜೊತೆಗೆ ಅಂಚು ಚೂಪು ಮಾಡೋ ಸೆಟ್ಟಿಂಗ್ ಆ ಕಾಳುಗಳನ್ನು ಇನ್ನಷ್ಟು ಎದ್ದು ಕಾಣಿಸಿದೆ. ಈಗ ಎರಡು ಗ್ರಿಡ್‌ಗಳ ಅಂಚಿಗೂ ಬೇರೆ ಬೇರೆ ಬಣ್ಣದ ಟೇಪ್ ಹಚ್ಚಿದ್ದೇನೆ. ಖರ್ಚು ಮೂವತ್ತು ರೂಪಾಯಿ.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಇಂಥದ್ದು ಇನ್ನೆಷ್ಟಿದೆಯೋ ಅನ್ನೋ ಹುಳ ತಲೆಗೆ ಹೊಕ್ಕಿತು. ಆಗ ಮೊದಲ ಸಲ ಫೋಟೊದ ಮೂಲೆಯಲ್ಲಿ ಬರೋ ನಂಬರ್ ಕಡೆ ಗಮನ ಕೊಟ್ಟೆ. ಎಷ್ಟೋ ವರ್ಷದಿಂದ ಅಲ್ಲೇ ಇತ್ತು. ಇಐ ಅಂದರೆ ಪ್ಯಾನೆಲ್‌ಗೆ ಎಷ್ಟು ಕಿರಣ ಮುಟ್ಟಿತು ಅನ್ನೋದರ ಸೂಚನೆ. ಡಿಐ ಅಂದರೆ ಅದು ಗುರಿಯಿಂದ ಎಷ್ಟು ಆಚೀಚೆ ಆಯಿತು ಅನ್ನೋದು. ಡಿಐ ಸೊನ್ನೆ ಬಂದರೆ ಸರಿಯಾಗಿದೆ. +3 ಅಂದರೆ ಎರಡು ಪಟ್ಟು, +6 ಅಂದರೆ ನಾಲ್ಕು ಪಟ್ಟು, -3 ಅಂದರೆ ಅರ್ಧ. 2008ರಲ್ಲಿ ಐಇಸಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಎಲ್ಲ ಕಂಪನಿಗಳಿಗೂ ಇದನ್ನು ಒಂದೇ ಮಾಡಿತು. ಅದಕ್ಕೂ ಮುಂಚೆ ದೊಡ್ಡ ಗೊಂದಲ. ಫ್ಯೂಜಿಯವರ ಎಸ್ ನಂಬರ್ ಕಿರಣ ಜಾಸ್ತಿಯಾದರೆ ಇಳಿಯುತ್ತಿತ್ತು, ಕೊಡಾಕ್‌ನವರದು ಏರುತ್ತಿತ್ತು. ಒಂದು ಕಡೆ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರಿದವನು ಪೂರ್ತಿ ಉಲ್ಟಾ ತಿಳಿದುಕೊಳ್ಳುತ್ತಿದ್ದ.

ಹಳೇ ಫೋಟೊಗಳನ್ನು ತೆಗೆದು ನೋಡಿದೆ. ಎದೆ ಬಿಟ್ಟರೆ ಉಳಿದದ್ದೆಲ್ಲ ಪ್ಲಸ್. ಮಂಡಿ +5, ಕೈ +6. ಇದು ಹೇಗಾಯಿತು ಅಂತ ನನಗೆ ಗೊತ್ತು. ಯಾವತ್ತೋ ಒಬ್ಬ ಡಾಕ್ಟರ್ "ಕಾಳು ಕಾಳು ಬಂದೈತಲ್ಲೋ" ಅಂದಿರುತ್ತಾರೆ. ನಾವು ಎಂಎಎಸ್, ಅಂದರೆ ಬಿಡೋ ಕಿರಣದ ಪ್ರಮಾಣ, ಏರಿಸಿರುತ್ತೇವೆ. ಜಾಸ್ತಿಯಾಯಿತು ಅಂತ ಮಾತ್ರ ಯಾರೂ ಬಯ್ಯೋದಿಲ್ಲ. ಹಾಗೇ ಏರುತ್ತಾ ಹೋಗುತ್ತೆ. ಪಾಪ, ಪೇಷಂಟಿಗೆ ಏನು ಗೊತ್ತಾಗುತ್ತೆ?

ಸರಿಮಾಡೋಕೆ ಮೊದಲು ಬೇಕಾದದ್ದು ಗೋಡೆ ಮೇಲೊಂದು ಚಾರ್ಟ್. ಫಿಲ್ಮ್ ಕಾಲದಲ್ಲಿ ಎಲ್ಲ ಕಡೆ ಇರುತ್ತಿತ್ತು, ಡಿಜಿಟಲ್ ಬಂದ ಮೇಲೆ ಕಿತ್ತು ಹಾಕಿದೆವು. ಮೈ ದಪ್ಪ ಅಳೆಯದೆ ಚಾರ್ಟ್ ಕೆಲಸಕ್ಕೆ ಬರಲ್ಲ. ಓಣಿಯ ಬಡಿಗೇರ ಅಣ್ಣನಿಗೆ ಹೇಳಿ ಕಟ್ಟಿಗೆಯ ಅಳತೆಗೋಲು ಮಾಡಿಸಿದೆ. ಒಂದು ಕಾಲು ಗಟ್ಟಿ, ಇನ್ನೊಂದು ಸ್ಕೇಲ್ ಮೇಲೆ ಸರಿಯುತ್ತೆ. "ಇದೇನು, ಕುರಿ ಅಳೀತೀರೇನು?" ಅಂತ ನಕ್ಕ. ಪ್ರತಿ ಭಾಗಕ್ಕೂ ದಪ್ಪದ ಪ್ರಕಾರ ಕೆವಿ (ಕಿರಣ ಮೈ ದಾಟೋ ಶಕ್ತಿ), ಎಂಎಎಸ್ ಬರೆದುಕೊಂಡೆವು. ಸ್ವಲ್ಪ ಸ್ವಲ್ಪ ಇಳಿಸುತ್ತಾ, ವಾರಕ್ಕೊಮ್ಮೆ ರೇಡಿಯಾಲಜಿ ಡಾಕ್ಟರಿಗೆ ತೋರಿಸುತ್ತಾ, ಅವರು "ಇದಕ್ಕಿಂತ ಕೆಳಗ ಬ್ಯಾಡ್ರಿ" ಅಂದಲ್ಲಿ ನಿಲ್ಲಿಸಿದೆವು. ಗುರಿಯ ನಂಬರನ್ನೂ ಅವರ ಜೊತೆ ಕೂತೇ ಹಾಕಿದೆವು. ಕಂಪನಿಯವರು ಹಾಕಿಕೊಟ್ಟದ್ದು ನಮಗೆ ಸರಿಹೊಂದಿರಲಿಲ್ಲ. ಎದೆಗೆ 70 ಕೆವಿ ಹಾಕುತ್ತಿದ್ದ ಹಳೇ ಚಟ ಬಿಟ್ಟು, ಗ್ರಿಡ್ ಇಟ್ಟು 110ಕ್ಕೆ ಹೋದೆವು. ಪಕ್ಕೆಲುಬಿನ ಹಿಂದಿನ ಶ್ವಾಸಕೋಶ, ಹೃದಯದ ಹಿಂದಿನ ಜಾಗ ಈಗ ಕಾಣುತ್ತೆ. ಸಣ್ಣ ಮಕ್ಕಳಿಗೆ ಗ್ರಿಡ್ ಬೇಡವೇ ಬೇಡ. ಗ್ರಿಡ್ ತೆಗೆದರೆ ಅರ್ಧಕ್ಕಿಂತ ಕಡಿಮೆ ಎಂಎಎಸ್ ಸಾಕು.

ಹಾಗಂತ ಆ ಡಿಐ ನಂಬರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಸೊಂಟದಲ್ಲಿ ಲೋಹದ ಕೀಲು ಇದ್ದರೆ ಅದು ಸುಳ್ಳು ಹೇಳುತ್ತೆ. ಮೆನುವಿನಲ್ಲಿ ಮಂಡಿ ಬದಲು ಬೇರೇನೋ ಒತ್ತಿದ್ದರೂ ಸುಳ್ಳು. ಎಲ್ಲಕ್ಕಿಂತ ಜಾಸ್ತಿ ಸುಳ್ಳು ಹೇಳೋದು ನಾವು ಕೋನ್ ಮಾಡದಿದ್ದಾಗ, ಅಂದರೆ ಕಿರಣವನ್ನು ಬೇಕಾದಷ್ಟೇ ಜಾಗಕ್ಕೆ ಕಿರಿದು ಮಾಡದಿದ್ದಾಗ. ಬೆರಳಿನ ಫೋಟೊಗೆ ಪೂರ್ತಿ ಪ್ಯಾನೆಲ್ ತೆರೆದಿಟ್ಟು, ಆಮೇಲೆ ಪರದೆಯಲ್ಲಿ ಕತ್ತರಿಸೋದು ನಮ್ಮ ಹುಡುಗರ ಚಟವಾಗಿತ್ತು. ಪರದೆಯಲ್ಲಿ ಕತ್ತರಿಸಿದರೆ ಫೋಟೊ ಸಣ್ಣದಾಗುತ್ತೆ, ಪೇಷಂಟಿನ ಮೈಗೆ ಬಿದ್ದ ಕಿರಣ ವಾಪಸ್ ಬರುತ್ತಾ? ಚದುರಿದ ಕಿರಣದ ಮಬ್ಬು ಬೇರೆ. ಸಾಫ್ಟ್‌ವೇರ್‌ಗೂ ಎಲ್ಲಿ ಬೆರಳು, ಎಲ್ಲಿ ಬರೀ ಗಾಳಿ ಅಂತ ಗೊಂದಲ.

ಕೋನ್ ಮಾಡೋಕೆ ಅವರು ಹೆದರುತ್ತಿದ್ದುದಕ್ಕೂ ಒಂದು ಕಾರಣ ಇತ್ತು. ಲೈಟ್ ಬಿದ್ದಲ್ಲಿ ಕಿರಣ ಬೀಳುತ್ತಿರಲಿಲ್ಲ. ಕಿರಣ ಎಲ್ಲಿ ಬೀಳುತ್ತೆ ಅಂತ ಲೈಟಿನಲ್ಲಿ ತೋರಿಸೋದು ಕಾಲಿಮೇಟರ್. ಹಿಂದೆ ಅದರ ಬಲ್ಬ್ ಹೋದಾಗ ಊರಿನ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿದ್ದೆವು, ಒಳಗಿನ ಕನ್ನಡಿ ಸರಿದಿತ್ತು. ಇದನ್ನು ಪತ್ತೆ ಮಾಡೋಕೆ ನಾಣ್ಯ ಸಾಕು. ಪ್ಯಾನೆಲ್ ಮೇಲೆ ಲೈಟಿನ ಚೌಕ ಬಿಡಿ. ನಾಲ್ಕೂ ಅಂಚಿಗೆ ಒಂದೊಂದು ರೂಪಾಯಿ ಒಳಗೆ, ಒಂದೊಂದು ಹೊರಗೆ, ಎರಡೂ ಅಂಚಿನ ಗೆರೆಗೆ ತಾಗುವಂತೆ ಇಡಿ. ಒಂಬತ್ತನೆಯದನ್ನು ದಿಕ್ಕು ಗೊತ್ತಾಗೋಕೆ ಒಂದು ಮೂಲೆಗಿಡಿ. ಫೋಟೊ ತೆಗೆದು ಅಳೆಯಿರಿ. 100 ಸೆಂ.ಮೀ. ದೂರದಲ್ಲಿ 2 ಸೆಂ.ಮೀ.ಗಿಂತ ಜಾಸ್ತಿ ತಪ್ಪಿರಬಾರದು. ನಮ್ಮದು ಒಂದು ಕಡೆ ನಾಲ್ಕು ತಪ್ಪಿತ್ತು. ಕಂಪನಿ ಎಂಜಿನಿಯರ್ ಬಂದು ಸರಿಮಾಡಿದರು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿ ನಿಯಮದ ಪ್ರಕಾರ ಎರಡು ವರ್ಷಕ್ಕೊಮ್ಮೆ ಕ್ಯೂಎ, ಅಂದರೆ ಮಷಿನ್ನಿನ ಗುಣಮಟ್ಟದ ತಪಾಸಣೆ ಆಗುತ್ತೆ, ಅದು ಬೇಕು. ಆದರೆ ನಡುವೆ ಎರಡು ವರ್ಷ ಇರುತ್ತಲ್ಲ, ಅದಕ್ಕೆ ಒಂಬತ್ತು ರೂಪಾಯಿ ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಮಾಡಿದರೂ ಫೋಟೊ ಕೆಡೋದು ಹೆಚ್ಚಾಗಿ ಮಷಿನ್ನಿಂದ ಅಲ್ಲ, ಮಾತಿನಿಂದ. ಇದು ನನಗೆ ತಡವಾಗಿ ತಿಳಿಯಿತು. "ದೀರ್ಘವಾಗಿ ಉಸಿರು ತೆಗೆದುಕೊಳ್ಳಿ, ಹಿಡಿಯಿರಿ" ಅಂತ ಟ್ರೇನಿಂಗಿನಲ್ಲಿ ಕಲಿತ ಹಾಗೆ ಹೇಳುತ್ತಿದ್ದೆ. ನಮ್ಮ ಅಜ್ಜ ಅಜ್ಜಿಯರು "ತೆಗೆದು" ಅಂದದ್ದು ಕೇಳಿ ಉಸಿರು ಹೊರಗೆ ಬಿಟ್ಟು ನಿಲ್ಲುತ್ತಿದ್ದರು! ಶ್ವಾಸಕೋಶ ಕುಗ್ಗಿ, ಹೃದಯ ದೊಡ್ಡದಾಗಿ ಕಂಡು, ಕೆಳಗೆಲ್ಲ ನಿಮೋನಿಯಾ ಆದ ಹಾಗೆ ಮಬ್ಬು. ಈಗ "ಅಜ್ಜಾರ, ಉಸುರು ಒಳಗ ಜಗ್ರಿ, ಇನ್ನಾ ಜಗ್ರಿ, ಬಿಗಿ ಹಿಡೀರಿ" ಅನ್ನುತ್ತೇನೆ. ಎದುರಿಗೆ ನಿಂತು ನಾನೇ ಜಗ್ಗಿ ತೋರಿಸುತ್ತೇನೆ. ಒಂದು ಸಲ ಸುಮ್ನೆ ಪ್ರಾಕ್ಟೀಸ್, ಎರಡನೇ ಸಲಕ್ಕೆ ಬಟನ್. ಹಿಂದಿನ ಪಕ್ಕೆಲುಬು ಒಂಬತ್ತು ಹತ್ತು ಎಣಿಸೋಕೆ ಸಿಕ್ಕರೆ ಉಸಿರು ಸರಿಯಾಗಿ ತುಂಬಿದೆ ಅಂತ ಲೆಕ್ಕ.

ಮೈಮೇಲಿನ ಸಾಮಾನಿನದು ಇನ್ನೊಂದು ಕತೆ. ತಾಯತ, ಉಡದಾರ, ಗುಂಡಿನ ತಾಳಿ, ಕುಪ್ಪಸದ ಹುಕ್ಕು. ಉದ್ದ ಜಡೆ ಕೂಡ ಶ್ವಾಸಕೋಶದ ತುದಿಯಲ್ಲಿ ಟಿಬಿ ನೆರಳಿನ ಹಾಗೆ ಕೂರುತ್ತೆ. ಅಕ್ಕಂದಿರಿಗೆ ಗೌನ್ ಕೊಡುತ್ತೇವೆ, ಜಡೆ ಮೇಲೆತ್ತಿ ಕಟ್ಟಿಕೊಳ್ಳಿ ಅನ್ನುತ್ತೇವೆ. ಆದರೆ ಲಿಂಗದ ಕರಡಿಗೆ ಹಾಕಿಕೊಂಡ ಹಿರಿಯರಿಗೆ ತೆಗೆದಿಡಿ ಅನ್ನೋಕಾಗಲ್ಲ. ಬೆಳ್ಳಿ ಕರಡಿಗೆ ಎದೆ ಫೋಟೊ ನಡುವೆ ಬೆಳ್ಳಗೆ ಕೂತರೆ ಹಿಂದಿನದು ಏನೂ ಕಾಣಲ್ಲ. ಮೊದಮೊದಲು ಜಗಳವೇ ಆಗುತ್ತಿತ್ತು. ಒಮ್ಮೆ ಹುನಗುಂದ ಕಡೆಯ ಅಜ್ಜ ಒಬ್ಬರು ತಾವೇ ದಾರಿ ತೋರಿಸಿದರು. "ಮೈ ಮ್ಯಾಲಿಂದ ತಗಿಯಾಂಗಿಲ್ಲ ತಮ್ಮಾ. ತಲಿ ಮ್ಯಾಲ ಇಟ್ಕೊಂಡ್ರ ನಡೀತೈತಿ" ಅಂತ ಕರಡಿಗೆಯನ್ನು ರುಮಾಲಿನೊಳಗೆ ಸುತ್ತಿಕೊಂಡು ನಿಂತರು. ಅವತ್ತಿನಿಂದ ಎಲ್ಲರಿಗೂ ಅದೇ. ರುಮಾಲು ಇಲ್ಲದವರಿಗೆ ಕೊಡೋಕೆ ಒಂದು ಒಗೆದ ಟವೆಲ್ ಇಟ್ಟಿದ್ದೇವೆ.

ಬೇಸಿಗೆ ಬಗ್ಗೆಯೂ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ. ರಾತ್ರಿ ಎಸಿ ಬಂದ್ ಮಾಡಿದ ರೂಮಿನಲ್ಲಿ ಪ್ಯಾನೆಲ್ ಕಾದಿರುತ್ತೆ. ಬೆಳಿಗ್ಗೆ ಮೊದಲ ಫೋಟೊದಲ್ಲಿ ಅಡ್ಡಗೆರೆ, ಮಚ್ಚೆ. ಈಗ ಅರ್ಧ ಗಂಟೆ ಮುಂಚೆ ಎಸಿ ಹಾಕಿ, ತಣ್ಣಗಾದ ಮೇಲೆ ಕ್ಯಾಲಿಬ್ರೇಷನ್ ಮಾಡಿ ಶುರು ಮಾಡುತ್ತೇವೆ. ಮಾನಿಟರ್ ಕಿಟಕಿ ಎದುರಿಗಿತ್ತು, ತಿರುಗಿಸಿದ್ದೇವೆ.

ಇನ್ನೂ ಬಗೆಹರಿಯದಿರೋದು ವಾಟ್ಸ್‌ಆ್ಯಪ್. ಇಷ್ಟು ಕಷ್ಟಪಟ್ಟು ತೆಗೆದ ಫೋಟೊವನ್ನು ಯಾರೋ ಮಾನಿಟರಿನ ಮೇಲೆ ಮೊಬೈಲ್ ಹಿಡಿದು, ಟ್ಯೂಬ್‌ಲೈಟ್ ನೆರಳಿನ ಸಮೇತ ತೆಗೆದು ಕಳಿಸುತ್ತಾರೆ. ಡಾಕ್ಟರ್ ಅದರಲ್ಲೇ ನೋಡುತ್ತಾರೆ. ಕಾಲು ಮುರಿದಿದೆಯೋ ಇಲ್ಲವೋ ಅನ್ನೋಕೆ ಅದು ಸಾಕಾಗಬಹುದು. ಕ್ವಾರಿಯವರ ಎದೆಗೆ ಸಾಕಾಗಲ್ಲ. ಎದೆ ಫೋಟೊ ಮಾತ್ರ ಒರಿಜಿನಲ್ ಫೈಲೇ ಹೋಗಬೇಕು ಅಂತ ಹಟ ಹಿಡಿದಿದ್ದೇನೆ, ಅರ್ಧ ಗೆದ್ದಿದ್ದೇನೆ.

ಕೊನೆಗೆ ರಿಜೆಕ್ಟ್ ಪುಸ್ತಕ. ಕೆಟ್ಟ ಫೋಟೊ ಅಳಿಸೋದು ಒಂದು ಬಟನ್ ಕೆಲಸ. ಹಾಗಾಗಿ ದಿನಕ್ಕೆ ಎಷ್ಟು ಅಳಿಸುತ್ತೇವೆ ಅಂತ ನಮಗೇ ಗೊತ್ತಿರಲಿಲ್ಲ. ಇನ್ನು ಮೇಲೆ ಅಳಿಸೋ ಮುಂಚೆ ಬರೆಯಬೇಕು ಅಂತ ಮಾಡಿದೆ: ಯಾವ ಭಾಗ, ಯಾಕೆ ಕೆಟ್ಟಿತು, ತೆಗೆದವರು ಯಾರು. ಅಮೆರಿಕದ ಮೆಡಿಕಲ್ ಫಿಸಿಕ್ಸ್ ಸಂಘದವರು 2015ರಲ್ಲಿ ನೂರು ಫೋಟೊಗೆ 8 ರಿಜೆಕ್ಟ್ ಗುರಿ, 10 ದಾಟಿದರೆ ಕಾರಣ ಹುಡುಕಿ ಅಂದಿದ್ದಾರೆ. ಮೊದಲ ತಿಂಗಳು ನಾವು ಹತ್ತನ್ನು ಆರಾಮಾಗಿ ದಾಟಿದ್ದೆವು. ಸೊನ್ನೆಯಾದರೂ ನಾನು ಖುಷಿಪಡಲ್ಲ. ಕೆಟ್ಟದ್ದನ್ನೂ ಕಳಿಸಿಬಿಡುತ್ತಿದ್ದಾರೆ ಅಂತಲೇ ಅರ್ಥ. ಮೊದಮೊದಲು ಹುಡುಗರು ಬರೆಯಲಿಲ್ಲ, ಬಯ್ಯುತ್ತಾರೆ ಅನ್ನೋ ಭಯ. ಅದಕ್ಕೆ ಮೊದಲ ಸಾಲಿನಲ್ಲಿ ನನ್ನದೇ ಬರೆದೆ: ಎದೆ, ಗ್ರಿಡ್ ತಪ್ಪು. ಈಗ ಅವರು ನನ್ನನ್ನೂ ಬಿಡಲ್ಲ. ನಿನ್ನೆ ಸಂಜೆ ಪುಸ್ತಕ ತೆರೆದರೆ ಹೊಸದಾಗಿ ಸೇರಿದ ಹುಡುಗಿಯ ದುಂಡು ಅಕ್ಷರದಲ್ಲಿ ಹೀಗಿತ್ತು: "ಬಲಗೈ. ಎಲ್ ಮಾರ್ಕರ್ ಇಟ್ಟಿದ್ದಾರೆ. ತೆಗೆದವರು: ಸರ್."