ಗೊರಸಿನ ಗುರುತು ನೋಡಿ ಕಲಿತ ಸವಾರಿ

ಕುದುರೆ ಸವಾರಿ ಎಂದರೆ ಲಗಾಮು ಹಿಡಿಯುವ ಕೈಚಳಕ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಮೊದಲು ಸೊಂಟ, ಆಮೇಲೆ ಕಾಲು. ಕೈಯ ಸರದಿ ಕೊನೆಗೆ.

ನನ್ನ ಹೆಣ್ಣು ಕುದುರೆಯನ್ನು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಇಳಿತದ ಹೊತ್ತಿಗೆ ಕರೆದೊಯ್ಯುತ್ತೇನೆ. ನೀರು ಸರಿದ ಜಾಗದ ಒದ್ದೆ ಮರಳು ಗಟ್ಟಿ. ಮೇಲಿನ ಒಣ ಮರಳಿನಲ್ಲಿ ಗೊರಸು ಹೂತು ಕಾಲಿನ ನರಕ್ಕೆ ಎಳೆತ ಬೀಳುತ್ತದೆ, ಅಲ್ಲಿ ಬರೀ ನಡಿಗೆ. ಮೀನುಗಾರರು ದಡಕ್ಕೆ ರಂಪಣಿ ಬಲೆ ಎಳೆಯುತ್ತಿದ್ದರೆ ಆ ಕಡೆ ಸುಳಿಯುವುದೇ ಇಲ್ಲ.

ನಡಿಗೆಯಲ್ಲಿ ಗೊರಸಿನ ನಾಲ್ಕು ಪೆಟ್ಟು: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಹಿಂಗಾಲು ಮುಂದೆ ಬರುವಾಗ ಆ ಬದಿಯ ಬೆನ್ನು ತುಸು ತಗ್ಗಿ, ಹೊಟ್ಟೆ ಇನ್ನೊಂದು ಬದಿಗೆ ವಾಲುತ್ತದೆ. ನಮ್ಮ ಸೊಂಟವೂ ಅದರ ಜೊತೆಗೇ ಇಳಿಯಬೇಕು, ದೋಣಿಯಲ್ಲಿ ನಿಂತವನು ಮೊಣಕಾಲು ಸಡಿಲ ಬಿಡುವ ಹಾಗೆ. ನಾನು ಕಣ್ಣು ಮುಚ್ಚಿ ಕೂತು ಹಿಂಗಾಲಿಗೆ ಸರಿಯಾಗಿ ‘ಎಡ, ಬಲ’ ಎನ್ನುತ್ತಿದ್ದೆ. ಲಗಾಮು ಹಿಡಿದು ಪಕ್ಕದಲ್ಲಿ ನಡೆಯುವ ತಮ್ಮ ಸರಿಯೋ ತಪ್ಪೋ ಹೇಳುತ್ತಿದ್ದ.

ಇಷ್ಟೆಲ್ಲ ಯಾಕೆಂದರೆ, ಭಾರ ಹೊತ್ತು ನೆಲದಲ್ಲಿ ಊರಿರುವ ಕಾಲಿಗೆ ‘ಇನ್ನೂ ಮುಂದಿಡು’ ಎಂದರೆ ಅದು ಇಡಲಾರದು. ಅದು ನೆಲ ಬಿಡುವ ಗಳಿಗೆಯಲ್ಲಿ ನಮ್ಮ ಮೀನಖಂಡ ಹೊಟ್ಟೆಗೆ ಮೆಲ್ಲಗೆ ತಾಗಿದರೆ ಸಾಕು. ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿಗೆ ಹಿಮ್ಮಡಿಯಿಂದ ಒದೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಸರಿಯಾಯಿತೋ ಇಲ್ಲವೋ ಎಂದು ಇಳಿದು ಗುರುತು ನೋಡುತ್ತೇನೆ. ಸೊಂಟ ಬಿಗಿಹಿಡಿದು ಕೂತ ಸಾಲಿನಲ್ಲಿ ಹಿಂಗಾಲಿನ ಗುರುತು ಮುಂಗಾಲಿನದಕ್ಕಿಂತ ಹಿಂದೆಯೇ ಉಳಿದಿರುತ್ತದೆ. ಸಡಿಲ ಕೂತ ಸಾಲಿನಲ್ಲಿ ಮುಂಗಾಲಿನ ಗುರುತನ್ನೇ ತುಳಿದಿರುತ್ತದೆ, ಕೆಲವೊಮ್ಮೆ ನಾಲ್ಕು ಬೆರಳು ದಾಟಿಯೂ ಇರುತ್ತದೆ. ಅದೇ ಕುದುರೆ, ಅದೇ ಮರಳು! ಬೆನ್ನಿಗೆ ಬಿಡುವು ಸಿಕ್ಕಿದರೆ ಅದು ಎಷ್ಟು ಬಿಚ್ಚಿ ನಡೆಯುತ್ತದೆಂದು ನೋಡಿದಷ್ಟೂ ಖುಷಿ.

ಟ್ರಾಟ್‌ನಲ್ಲಿ, ಅಂದರೆ ನಡಿಗೆಗಿಂತ ಚುರುಕಾದ ಓಟದಲ್ಲಿ, ಎರಡೇ ಪೆಟ್ಟು, ಒಂದು ಬದಿಯ ಮುಂಗಾಲಿನ ಜೊತೆ ಇನ್ನೊಂದು ಬದಿಯ ಹಿಂಗಾಲು ಬೀಳುತ್ತದೆ. ಸುತ್ತು ಹಾಕುವಾಗ ಕುದುರೆಯ ಹೊರಬದಿಯ ಭುಜ ಮುಂದೆ ಹೋದಾಗ ತಡಿಯಿಂದ ಏಳುತ್ತೇನೆ, ಹಿಂದೆ ಬಂದಾಗ ಕೂರುತ್ತೇನೆ. ಆಗ ಒಳಬದಿಯ ಹಿಂಗಾಲು ನೆಲದ ಮೇಲಿರುತ್ತದೆ, ಭಾರ ಹೊರುವುದು ಅದಕ್ಕೆ ಸಲೀಸು. ಟ್ರಾಟ್‌ಗಿಂತ ವೇಗದ ಓಟವಾದ ಕ್ಯಾಂಟರ್‌ಗೆ ಮೂರು ಪೆಟ್ಟು. ಟ್ರಾಟ್ ಕೂಡಿ ಬರುವವರೆಗೆ ಅದರ ಗೋಜು ಬೇಡ.

ನಿಲ್ಲಿಸುವಾಗಲೂ ಕ್ರಮ ಅದೇ. ಉಸಿರು ಬಿಡುತ್ತಾ ಸೊಂಟದ ಚಲನೆ ನಿಲ್ಲಿಸಿ, ಆಮೇಲೆ ಲಗಾಮಿನ ಮೇಲೆ ಬೆರಳು ಮುಚ್ಚುತ್ತೇನೆ. ಕಡಿವಾಣ ಜಗ್ಗಿ ನಿಲ್ಲಿಸಿದರೆ ಕುದುರೆ ತಲೆ ಮೇಲೆತ್ತಿ, ಬೆನ್ನು ತಗ್ಗಿಸಿ, ಹಿಂಗಾಲು ಹಿಂದೆಯೇ ಬಿಟ್ಟು ನಿಲ್ಲುತ್ತದೆ. ಈಗ ಬಹಳ ಸಲ ನನ್ನ ಬೆರಳು ಮುಚ್ಚುವ ಮೊದಲೇ, ಹಿಂಗಾಲನ್ನು ಹೊಟ್ಟೆಯಡಿಗೆ ತಂದುಕೊಂಡು ಅದು ನಿಂತಿರುತ್ತದೆ.