ಅನ್ನ ಬಿಡಬೇಡಿ, ಅಳತೆ ಬದಲಿಸಿ

ತೂಕ ಇಳಿಸಬೇಕು ಅಂದ ತಕ್ಷಣ ಎಲ್ಲರೂ ಅನ್ನವನ್ನು ಬೈಯುತ್ತಾರೆ. ಪಾಪ, ಅನ್ನದ ತಪ್ಪೇನಿಲ್ಲ. ತಪ್ಪೆಲ್ಲ ಸೌಟಿನದ್ದು.

ನಾನು ಅಕ್ಕಿಯನ್ನು ಬೇಯಿಸುವ ಮೊದಲೇ ಅಳೆಯುತ್ತೇನೆ. ಒಂದು ಲೋಟ ಅಕ್ಕಿಗೆ ಸುಮಾರು ಮೂರು ಲೋಟ ಅನ್ನವಾಗುತ್ತದೆ. ನನ್ನ ಪಾಲಿಗೆ ಕಾಲು ಲೋಟ ಅಕ್ಕಿ ಸಾಕು. ಕುಕ್ಕರಿನಲ್ಲಿ ಉಳಿದಿದ್ದರೆ ತಾನೇ 'ಇನ್ನೊಂಚೂರು' ಅನ್ನುವುದು!

ಊಟಕ್ಕೆ ಕೂತಾಗ ಮೊದಲು ಕೋಸಂಬರಿ ತಿನ್ನುತ್ತೇನೆ. ಒಂದು ಹಿಡಿ ಹೆಸರುಬೇಳೆ ನೆನೆಸಿ, ನೀರು ಬಸಿದು, ಒಂದು ಇಡೀ ಸೌತೆಕಾಯಿ ಹೆಚ್ಚಿ ಹಾಕಿ. ನಿಂಬೆರಸ, ಕೊತ್ತಂಬರಿ ಸೇರಿಸಿ. ಉಪ್ಪು ಮಾತ್ರ ತಿನ್ನುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ಸೌತೆ ನೀರು ಬಿಟ್ಟು ಬಟ್ಟಲೆಲ್ಲ ಕೆರೆ. ಬೇಳೆಯಲ್ಲಿ ಪ್ರೋಟೀನು, ನಾರು ಎರಡೂ ಇವೆ. ಸೌತೆಯಲ್ಲಿ ಜಾಸ್ತಿ ನೀರೇ. ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಹೆಚ್ಚು ಏರುವುದಿಲ್ಲ.

ಆಮೇಲೆ ಅರ್ಧ ತಟ್ಟೆ ಪಲ್ಯ. ಉಳಿದರ್ಧದಲ್ಲಿ ಅನ್ನ ಅಥವಾ ಸಣ್ಣ ಮುದ್ದೆ, ಜೊತೆಗೆ ಗಟ್ಟಿ ಮಸ್ಸೊಪ್ಪು ಅಥವಾ ಹುರುಳಿಕಾಳಿನ ಸಾರು. ತಿಳಿಸಾರಾದರೆ ಬೇಗ ಹಸಿವಾಗುತ್ತದೆ, ನೋಡಿ.

ಒಗ್ಗರಣೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ವಾ? ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ. ಬಾಟಲಿಯಿಂದ ಸುಮ್ನೆ ಸುರಿಯಬೇಡಿ, ಚಮಚ ಹಿಡಿಯಿರಿ.

ಹೊಟ್ಟೆ ತುಂಬಿದ್ದು ಮೆದುಳಿಗೆ ತಿಳಿಯಲು ಸುಮಾರು 20 ನಿಮಿಷ ಬೇಕು. ಎರಡನೇ ಸಲ ಬಡಿಸಿಕೊಳ್ಳುವ ಮುಂಚೆ ಒಂದು ಲೋಟ ನೀರು ಮಜ್ಜಿಗೆ ಕುಡಿದು ಕಾಯಿರಿ. ಆಗಲೂ ಹಸಿವಿದ್ದರೆ ಪಲ್ಯ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ.