ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರಿಗೆ ಪೆಲ್ಟಿಯರ್: ಎರಡು ಕೊಳ್ಳಿ, ಅರ್ಧ ಕರೆಂಟಿನಲ್ಲಿ ಓಡಿಸಿ

40 ಮಿ.ಮೀ. ಚೌಕದ, 4 ಮಿ.ಮೀ.ಗೂ ತೆಳ್ಳಗಿನ ಬಿಳಿ ಸಿರಾಮಿಕ್ ಬಿಲ್ಲೆ. ಅದರ ಎರಡು ತಂತಿಗೆ ಡಿ.ಸಿ. ಕರೆಂಟು ಕೊಟ್ಟರೆ ಒಂದು ಮೈ ತಣ್ಣಗಾಗುತ್ತದೆ, ಇನ್ನೊಂದು ಮೈ ಕಾಯುತ್ತದೆ. 1834ರಲ್ಲಿ ಫ್ರಾನ್ಸಿನ ಪೆಲ್ಟಿಯರ್ ಕಂಡುಕೊಂಡ ಈ ಗುಣವೇ ಥರ್ಮೋಎಲೆಕ್ಟ್ರಿಕ್ ಕೂಲರಿನ ಬುಡ. ಓವರ್‌ಕ್ಲಾಕ್ ಮಾಡಿದ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಿದ ಪ್ರೊಸೆಸರನ್ನು ತಣಿಸಲು ಇಲ್ಲಿ ಬಳಸುವುದು ಇದನ್ನೇ. ಬಿಲ್ಲೆ ತಣ್ಣನೆಯ ಕಡೆಯಿಂದ ಶಾಖವನ್ನು ಹೊತ್ತು ಬಿಸಿ ಕಡೆಗೆ ಹಾಕುತ್ತದೆ. ತಾನು ತಿಂದ ವಿದ್ಯುತ್ತನ್ನೂ ಶಾಖವಾಗಿಸಿ ಅಲ್ಲೇ ಸುರಿಯುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ಮರೆಯುವುದು ಈ ಎರಡನೆಯ ಪಾಲನ್ನು.

ಮೊದಲು ವ್ಯಾಟ್ ಲೆಕ್ಕ

ಪ್ರೊಸೆಸರ್ ಎಷ್ಟು ಶಾಖ ಬಿಡುತ್ತದೆ ಎಂಬುದು ಗೊತ್ತಾಗದೆ ಬಿಲ್ಲೆ ಆರಿಸಲಾಗದು. ಶಾಖವು ಪ್ರೊಸೆಸರಿನ ಕ್ಲಾಕ್ ವೇಗಕ್ಕೆ (ಗಿಗಾಹರ್ಟ್ಸ್) ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇನ್ನೂ ಜೋರಾಗಿ ಏರುತ್ತದೆ. 1.10 ವೋಲ್ಟ್, 4.2 ಗಿಗಾಹರ್ಟ್ಸ್‌ನಲ್ಲಿ 65 ವ್ಯಾಟ್ ತಿನ್ನುವ ಚಿಪ್ಪನ್ನು 1.30 ವೋಲ್ಟ್ ಕೊಟ್ಟು 4.7ಕ್ಕೆ ಏರಿಸಿದರೆ ಲೆಕ್ಕ 100 ವ್ಯಾಟ್ ದಾಟುತ್ತದೆ. ಕಾಗದದ ಲೆಕ್ಕಕ್ಕೇ ನಿಲ್ಲಬೇಡಿ. ಪ್ರೊಸೆಸರನ್ನು ಪೂರ್ತಿ ದುಡಿಸುವ ಪ್ರೈಮ್95 ತಂತ್ರಾಂಶ ಓಡಿಸಿ, ಅಳತೆ ತೋರಿಸುವ ಎಚ್‌ಡಬ್ಲ್ಯೂಇನ್ಫೋದಲ್ಲಿ ಪ್ಯಾಕೇಜ್ ಪವರ್ (ಇಡೀ ಚಿಪ್ಪು ತಿನ್ನುವ ವ್ಯಾಟ್) ಎಷ್ಟು ಬರುತ್ತದೆಂದು ಬರೆದಿಟ್ಟುಕೊಳ್ಳಿ.

ಆ ಅಂಕಿ 150 ದಾಟಿದರೆ ಪೆಲ್ಟಿಯರ್ ಆಸೆ ಬಿಡುವುದೇ ಒಳ್ಳೆಯದು. 253 ವ್ಯಾಟ್‌ವರೆಗೆ ಎಳೆಯುವ ಕೋರ್ ಐ9-14900ಕೆ ತರಹದ ಚಿಪ್ಪಿಗೆ ಐದು ಬಿಲ್ಲೆ ಬೇಕಾಗುತ್ತದೆ. ಅಲ್ಲಿ ಒಳ್ಳೆಯ ವಾಟರ್ ಕೂಲರೇ ಲೇಸು.

ಎಷ್ಟು ತಣ್ಣಗಾಗಬೇಕು?

ಇಬ್ಬನಿ ಬಿಂದುವಿಗಿಂತ ಕೆಳಗೆ ಹೋದ ಲೋಹದ ಮೇಲೆ ನೀರು ಕೂರುತ್ತದೆ. ಬೆಂಗಳೂರಿನ ಕೋಣೆಯಲ್ಲಿ 26 ಡಿಗ್ರಿ, ತೇವಾಂಶ ಶೇ 50 ಇದ್ದರೆ ಆ ಬಿಂದು ಸುಮಾರು 15 ಡಿಗ್ರಿ. ಮಂಗಳೂರಿನಲ್ಲಿ 30 ಡಿಗ್ರಿ, ಶೇ 80 ಇದ್ದರೆ 26 ಡಿಗ್ರಿ! ಕರಾವಳಿಯಲ್ಲಿ ಏಸಿ ಇಲ್ಲದ ಕೋಣೆಯಾದರೆ ಪೆಲ್ಟಿಯರ್‌ನಿಂದ ಸಿಗುವ ಲಾಭ ತೀರಾ ಕಡಿಮೆ. ಬೆಂಗಳೂರಿಗೆ ತಣ್ಣನೆಯ ಮೈ 20 ಡಿಗ್ರಿ ಎಂದು ಇಟ್ಟುಕೊಳ್ಳಿ. ಚಿಪ್ಪಿನ ಒಳಗಿನ ಉಷ್ಣಾಂಶ ಇದಕ್ಕಿಂತ ಇಪ್ಪತ್ತು ಮೂವತ್ತು ಡಿಗ್ರಿ ಹೆಚ್ಚೇ ಇರುತ್ತದೆ, ಗಾಬರಿ ಬೇಡ.

ಬಿಲ್ಲೆಯ ಆಯ್ಕೆ

ಟಿಇಸಿ1-12715 ಎಂದರೆ ಒಂದೇ ಅಂತಸ್ತಿನ ಬಿಲ್ಲೆ, ಒಳಗೆ 127 ಜೋಡಿ ಅರೆವಾಹಕದ ತುಂಡು, ಗರಿಷ್ಠ 15 ಆಂಪಿಯರ್. ಡೇಟಾಶೀಟಿನಲ್ಲಿ ಸುಮಾರು 136 ವ್ಯಾಟ್ ಎಂದಿರುತ್ತದೆ, ಗರಿಷ್ಠ ವೋಲ್ಟೇಜ್ 15.4. ಈ 136 ವ್ಯಾಟ್ ಸಿಗುವುದು ಎರಡು ಮೈಗಳ ಉಷ್ಣಾಂಶ ಒಂದೇ ಇದ್ದಾಗ ಮಾತ್ರ. ಅಂತರ 67 ಡಿಗ್ರಿಯ ಹತ್ತಿರ ಬಂದರೆ ಹೊರುವ ಶಾಖ ಸೊನ್ನೆ.

ನಮ್ಮ ಉದಾಹರಣೆಗೆ ಬರೋಣ. ಬಿಸಿ ಮೈ 43, ತಣ್ಣನೆಯ ಮೈ 20, ಅಂತರ 23. ಒಂದೇ 12715ಕ್ಕೆ ಪೂರ್ತಿ ಕರೆಂಟು ಕೊಟ್ಟರೆ ಅದು ಹೊರುವುದು 89 ವ್ಯಾಟ್, ತಿನ್ನುವುದು 230ರ ಹತ್ತಿರ. 100 ವ್ಯಾಟ್‌ನ ಚಿಪ್ಪಿಗೆ ಅದು ಸಾಲದು, ಜೊತೆಗೆ ಬಿಸಿ ಮೈಯ ಶಾಖವನ್ನು ನೀರಿನ ಮೂಲಕ ಪಡೆದು ಗಾಳಿಗೆ ಬಿಡುವ ರೇಡಿಯೇಟರಿನ ಮೇಲೆ 320 ವ್ಯಾಟ್ ಬಂದು ಬೀಳುತ್ತದೆ. ಅದೇ ಬಿಲ್ಲೆ ಎರಡನ್ನು ಪಕ್ಕಪಕ್ಕ ಇಟ್ಟು ಅರ್ಧ ಕರೆಂಟಿನಲ್ಲಿ ಓಡಿಸಿ: ಹೊರುವುದು 110 ವ್ಯಾಟ್, ತಿನ್ನುವುದು ಸುಮಾರು 115. ಬಿಲ್ಲೆಯೊಳಗೆ ವ್ಯರ್ಥವಾಗುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೀಗಾಗುತ್ತದೆ. ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿದರೆ 15 ವೋಲ್ಟ್, 10 ಆಂಪಿಯರ್‌ನ ಒಂದು ಎಸ್‌ಎಂಪಿಎಸ್ (ಡಿ.ಸಿ. ಪವರ್ ಸಪ್ಲೈ) ಸಾಕು. ಬಿಸಿ ಕಡೆಯ ಸುಮಾರು 225 ವ್ಯಾಟ್‌ಗೆ 360 ಮಿ.ಮೀ. ರೇಡಿಯೇಟರ್ ಹಾಕಿ, 240ರದ್ದು ಬಿಗಿಯಾಗುತ್ತದೆ.

ಅಂಗಡಿಯಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಳ್ಳುವಾಗ ಮೇಲೆ ಅಚ್ಚಾದ ನಂಬರನ್ನು ಕುರುಡಾಗಿ ನಂಬಬೇಡಿ. ಎ.ಸಿ. ಕರೆಂಟಿನಿಂದ ಅಳೆಯುವ ಎಲ್‌ಸಿಆರ್ ಮೀಟರಿನಲ್ಲಿ ರೋಧ ಅಳೆದು ನೋಡಿ: 12715 ಆದರೆ 0.8 ಓಮ್ ಆಸುಪಾಸು, 2 ಓಮ್ ತೋರಿಸಿದರೆ ಅದು 6 ಆಂಪಿಯರಿನ 12706. ಸಾಮಾನ್ಯ ಮಲ್ಟಿಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಕೈಬಿಸಿ ತಾಗಿದರೂ ಬಿಲ್ಲೆ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ಓದು ಕುಣಿಯುತ್ತದೆ.

ಸ್ಕ್ರೂ ಗೇಜ್ ಒಯ್ಯಿರಿ. ಒಂದೇ ಫಲಕದ ಮೇಲೆ ಕೂರುವ ಎರಡು ಬಿಲ್ಲೆಗಳ ದಪ್ಪದಲ್ಲಿ 0.025 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಒಂದು 3.42, ಇನ್ನೊಂದು 3.50 ಇದ್ದರೆ ದಪ್ಪನೆಯದೇ ಒತ್ತಡವನ್ನೆಲ್ಲ ಹೊತ್ತು ಬಿರುಕು ಬಿಡುತ್ತದೆ, ತೆಳ್ಳನೆಯದರ ಕೆಳಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ದಪ್ಪವಾಗಿ ಉಳಿದು ಶಾಖ ದಾಟುವುದಿಲ್ಲ. ನಾಲ್ಕೂ ಮೂಲೆ ಅಳೆದು ಜೋಡಿ ಆರಿಸಿ. ಅಂಚಿಗೆ ಸಿಲಿಕೋನ್ ಸೀಲ್ ಇರುವುದನ್ನೇ ತೆಗೆದುಕೊಳ್ಳಿ. ತೇವ ಒಳಹೊಕ್ಕರೆ ಬೆಸುಗೆ ತುಕ್ಕು ಹಿಡಿಯುತ್ತದೆ.

ಜೋಡಣೆ

ಚಿಪ್ಪಿಗೂ ಬಿಲ್ಲೆಗಳಿಗೂ ನಡುವೆ 85 × 45 ಮಿ.ಮೀ. ಅಳತೆಯ, 10 ಮಿ.ಮೀ. ದಪ್ಪದ ತಾಮ್ರದ ಫಲಕ ಬೇಕು. ತೆಳ್ಳಗಿದ್ದರೆ ಶಾಖ ಅಂಚಿನವರೆಗೆ ಹರಡುವುದಿಲ್ಲ. ರ‍್ಯಾಮ್‌ಗೂ ಪ್ರೊಸೆಸರಿಗೆ ವೋಲ್ಟೇಜ್ ಕೊಡುವ ವಿಆರ್‌ಎಂ ಭಾಗದ ಹೀಟ್‌ಸಿಂಕಿಗೂ ಫಲಕ ತಾಗದಂತೆ ಕೆಳಗೆ 40 ಮಿ.ಮೀ. ಚೌಕದ ತಾಮ್ರದ ಮೆಟ್ಟಿಲು ಬೇಕಾಗಬಹುದು. ಮದರ್‌ಬೋರ್ಡಿನ ಮೇಲೆ ರಟ್ಟು ಕತ್ತರಿಸಿಟ್ಟು ನೋಡಿ, ಆಮೇಲೆ ತಾಮ್ರ ಕೊಯ್ಯಿಸಿ. ತಾಮ್ರದ ಮೈ ಮಟ್ಟಸವಾಗಿರಲಿ, ಪೇಸ್ಟ್ ತೆಳ್ಳಗಿರಲಿ. ಸ್ಕ್ರೂಗಳನ್ನು ಎದುರುಬದುರು ಕಾಲು ಸುತ್ತಿನಂತೆ ಬಿಗಿಯಿರಿ.

ಯಾವ ಮೈ ತಣ್ಣನೆಯದು ಎಂದು ತಿಳಿಯಲು 3 ವೋಲ್ಟ್ ಕೊಟ್ಟು ಒಂದೆರಡು ಸೆಕೆಂಡ್ ಬೆರಳು ಮುಟ್ಟಿಸಿದರೆ ಸಾಕು. ಹೀಟ್‌ಸಿಂಕ್ ಇಲ್ಲದೆ 12 ವೋಲ್ಟ್ ಕೊಡಬೇಡಿ. ಒಳಗಿನ ಬೆಸುಗೆ ಸಾಮಾನ್ಯವಾಗಿ 138 ಡಿಗ್ರಿಗೇ ಕರಗುತ್ತದೆ.

ಇಬ್ಬನಿ ಕೂರುವುದು ಕಂಪ್ಯೂಟರ್ ಸುಮ್ಮನಿದ್ದಾಗ

ಗೇಮ್ ನಡೆಯುವಾಗ 20 ಡಿಗ್ರಿ ಇದ್ದ ಫಲಕ, ಪರದೆಯಲ್ಲಿ ಬರೀ ವರ್ಡ್ ತೆರೆದಿರುವಾಗ ಏನಾಗುತ್ತದೆ? ಚಿಪ್ಪಿನ ಶಾಖ 15 ವ್ಯಾಟ್‌ಗೆ ಇಳಿಯುತ್ತದೆ, ಬಿಲ್ಲೆ ಮಾತ್ರ ಅದೇ ಕರೆಂಟಿನಲ್ಲಿ ದುಡಿಯುತ್ತಿರುತ್ತದೆ. ಲೆಕ್ಕದ ಪ್ರಕಾರ ಫಲಕ ಸೊನ್ನೆಯಿಂದ 10 ಡಿಗ್ರಿ ಕೆಳಗೆ ಇಳಿಯಬಲ್ಲದು. ಮೊದಲು ಮಂಜು ಕಟ್ಟುತ್ತದೆ, ಕಂಪ್ಯೂಟರ್ ಆಫ್ ಮಾಡಿದ ಮೇಲೆ ಅದು ಕರಗಿ ಸಾಕೆಟ್ಟಿಗೆ ಇಳಿಯುತ್ತದೆ.

ಆದ್ದರಿಂದ ಕಂಟ್ರೋಲರ್ ಬೇಕೇ ಬೇಕು. ಫಲಕದಲ್ಲಿ 2 ಮಿ.ಮೀ. ತೂತು ಕೊರೆದು 10ಕೆ ಥರ್ಮಿಸ್ಟರ್ (10 ಕಿಲೋ ಓಮ್‌ನ ಉಷ್ಣಾಂಶ ಸಂವೇದಕ) ಕೂರಿಸಿ, ಅದರ ಓದಿಗೆ ತಕ್ಕಂತೆ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಮಂಡಲ) ವೋಲ್ಟೇಜನ್ನು ಏರಿಳಿಸಲಿ. ಸುಮ್ಮನಿರುವಾಗ ಎರಡು ಬಿಲ್ಲೆಗೂ ಸೇರಿ 5 ವೋಲ್ಟ್ ಸಾಕು. ರಿಲೇ ಟಕ್ ಟಕ್ ಎಂದು ಆನ್–ಆಫ್ ಮಾಡುವ ಅಗ್ಗದ ಥರ್ಮೋಸ್ಟಾಟ್ ಹಾಕಬೇಡಿ. ಪ್ರತಿ ಬಾರಿ ಹಿಗ್ಗಿ ಕುಗ್ಗಿ ಬೆಸುಗೆ ಸೀಳುತ್ತದೆ. ಇಂಟೆಲ್ 2020ರಲ್ಲಿ ಕ್ರಯೋ ಕೂಲಿಂಗ್ ಎಂಬ ಪೆಲ್ಟಿಯರ್ ತಂತ್ರ ತಂದಾಗಲೂ ತೇವಾಂಶ ಅಳೆದು ಇಬ್ಬನಿ ಬಿಂದುವಿನ ಮೇಲೆಯೇ ನಿಲ್ಲಿಸುವ ಕಂಟ್ರೋಲರೇ ಅದರ ಜೀವಾಳವಾಗಿತ್ತು. 2023ರಲ್ಲಿ ಇಂಟೆಲ್ ಅದನ್ನು ಕೈಬಿಟ್ಟಿತು. ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಅಂಥ ಕೂಲರ್ ಕಂಡರೆ ಕೊಳ್ಳಬೇಡಿ, ಅದರ ಸಾಫ್ಟ್‌ವೇರ್ ಕೆಲವೇ ಪ್ರೊಸೆಸರಿಗೆ ಒಗ್ಗುತ್ತದೆ.

ಕಂಟ್ರೋಲರ್ ಇದ್ದರೂ ಸಾಕೆಟ್ ಸುತ್ತ 6 ಮಿ.ಮೀ. ದಪ್ಪದ ನಿಯೋಪ್ರೀನ್ ರಬ್ಬರ್ ಅಂಟಿಸಿ, ಎಲ್ಲೂ ಗಾಳಿ ಸುಳಿಯದಂತೆ.

ಕೊನೆಯದಾಗಿ ಪವರ್. 15 ವೋಲ್ಟ್‌ನ ಎಸ್‌ಎಂಪಿಎಸ್ ಕಂಪ್ಯೂಟರಿನ ಜೊತೆಗೇ ಹತ್ತಿ ಜೊತೆಗೇ ಆರಬೇಕು. ಕಂಪ್ಯೂಟರಿನ 12 ವೋಲ್ಟ್‌ಗೆ ಕಾರಿನ 30 ಆಂಪಿಯರ್ ರಿಲೇಯ ಕಾಯಿಲ್ ಜೋಡಿಸಿ, ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿ, ರಿಲೇಯ ಮೂಲಕ ಬಿಲ್ಲೆಗಳಿಗೆ ಕರೆಂಟು ಕೊಡಿ. ಕರೆಂಟು ಇಲ್ಲದ ಬಿಲ್ಲೆ ಚಿಪ್ಪಿಗೂ ನೀರಿಗೂ ನಡುವೆ ಕಂಬಳಿ ಹೊದಿಸಿದಂತೆ, ನಿಮಿಷದೊಳಗೆ ಪ್ರೊಸೆಸರ್ ಬಿಸಿಯೇರಿ ತಾನೇ ಬಂದ್ ಆಗುತ್ತದೆ. ಪಂಪ್ ನಿಂತರೂ ಅಷ್ಟೇ. ಅದಕ್ಕಾಗಿ ಬಿಸಿ ಮೈಗೆ ಅಂಟಿದ, ನೀರು ಹರಿಯುವ ಬ್ಲಾಕಿಗೆ 70 ಡಿಗ್ರಿಯ ಥರ್ಮಲ್ ಕಟ್‌ಆಫ್ ಒಂದನ್ನು ಬಿಗಿದು, ಬಿಲ್ಲೆಗಳ ಲೈನಿನಲ್ಲೇ ಸೇರಿಸಿ.